ಕೊನೆಯ ತೊಟ್ಟಿ ಮಣ್ಣು

“ತೊಟ್ಟಿಯಲ್ಲಿದ್ದ ಮಣ್ಣೆಲ್ಲಿ?”

ಕೆಲಸಕ್ಕೆ ಸೇರಿ ವಾರವಾಗಿದ್ದ ಇಸಾಮು ತಳ ತಿಕ್ಕುತ್ತಲೇ ನಕ್ಕ. “ಕಾಲುವೆ ದಡಕ್ಕೆ ಸುರಿದೆ, ಚಿಗುಸಾ ಅವ್ರೇ. ಹುಲ್ಲೆಲ್ಲ ಕೊಳೆತಿತ್ತು. ಏನು ನಾತ ಅಂತೀರಿ...”

ಚಿಗುಸಾ ಬರಿದಾದ ತೊಟ್ಟಿಯೊಳಗೆ ಬಗ್ಗಿ ನೋಡಿದಳು.

“ಕೊಳೀಲಿ ಅಂತಲೇ ಇಟ್ಟಿದ್ದು ಕಣೋ! ಕೊಳೆತ್ರೇನೇ ಅಂಟು ಬರೋದು. ಅಪ್ಪ ಸಾಯೋ ಮುಂಚೆ ತುಳಿದ ಕೊನೇ ಮಣ್ಣು ಅದು.”

ಅವನ ನಗು ಸತ್ತಿತು. ಅವನದು ಕಡಲಪಾಚಿ ಬೇಯಿಸಿ ಸುಣ್ಣದ ಗಾರೆಗೆ ಅಂಟು ತೆಗೆಯುವ ಮನೆತನ. ಅಲ್ಲಿ ನಾತ ಬಂದರೆ ಕೆಟ್ಟಿತೆಂದೇ ಅರ್ಥ, ಆ ಗಳಿಗೆಯೇ ಚೆಲ್ಲುತ್ತಾರೆ.

“ಹೋಗು. ನಿನ್ನ ಮುಖ ತೋರಿಸಬೇಡ.”

ಮಣ್ಣು, ಹುಲ್ಲು, ಭತ್ತದ ಹೊಟ್ಟು ಒತ್ತಿ ಗೋಡೆಹಲಗೆ ಮಾಡಲು ಹೊರಟ ಅಪ್ಪನನ್ನು ಆವಾಜಿ ದ್ವೀಪವೇ ಹುಚ್ಚನೆಂದಿತ್ತು. ಅನ್ನಲಿ! ಅಂದವರ ಸಿಮೆಂಟ್ ಗೋಡೆಗಳು ಬೂಷ್ಟು ಹಿಡಿದು ಹಾಳಾಗಲಿ. ಅಪ್ಪನ ಸೊಂಟದ ಪಟ್ಟಿ ಹಿಡಿದು ಈ ತೊಟ್ಟಿಯಲ್ಲೇ ಅವಳು ತುಳಿಯಲು ಕಲಿತದ್ದು. ಕಾಲ್ಬೆರಳ ಸಂದಿಯಲ್ಲಿ ನುಗ್ಗುತ್ತಿದ್ದ ಆ ತಣ್ಣನೆಯ ಮಣ್ಣು... ಇನ್ನೆಲ್ಲಿ?

ಮರುದಿನ ಬೆಳಿಗ್ಗೆ ತೊಟ್ಟಿಯ ಶೆಡ್ಡಿನಿಂದ ಪಚಪಚ ಸದ್ದು. ಇಸಾಮು ಮೊಣಕಾಲುದ್ದ ಹೊಸ ಮಣ್ಣಿನಲ್ಲಿ ನಿಂತಿದ್ದ. ಉಗುರುಗಳಲ್ಲಿ ರಕ್ತ.

“ಹೋಗು ಅಂದಿದ್ನಲ್ಲ?”

“ಹೋಗಿದ್ದೆ, ಕಾಲುವೆಗೆ. ನೀರು ಕೊಚ್ಚಿಕೊಂಡು ಹೋಗಿ ಒಂದು ಬಕೆಟ್‌ನಷ್ಟು ಹಳೇ ಮಣ್ಣು ಉಳಿದಿತ್ತು, ಬರಿಗೈಲೇ ಕೆರೆದು ತಂದೆ. ಹೆಪ್ಪು ಹಾಕೋ ಹಾಗೆ ಬೆರೆಸಿದ್ರೆ ಹೊಸದೂ ಹುದುಗುತ್ತೆ ಅಂದ್ರು ನಿಮ್ಮಮ್ಮ.”

ಅವಳು ಬಾಗಿಲೆಳೆದುಕೊಂಡು ಹೊರಟಳು. ಚಳಿಗಾಲವಿಡೀ ಅವನೊಡನೆ ಮಾತಾಡಲಿಲ್ಲ. ಅವನು ದಿನವೂ ತುಳಿದ. ಕಾಲು ಮರಗಟ್ಟಿದರೂ ತುಳಿದ. ಒಂದು ದಿನ ತೊಟ್ಟಿಯ ಅಂಚಿನಲ್ಲಿ ಎರಡು ಅನ್ನದುಂಡೆ ಇಟ್ಟು ಅವಳು ತಿರುಗಿ ನೋಡದೆ ಹೋದಳು. ಮರುದಿನ ಮೂರು. ‘ಇವನಿಗೇಕೆ ಇಡುತ್ತಿದ್ದೇನೆ?’ ಎಂದು ತನ್ನ ಮೇಲೆಯೇ ರೇಗಿದಳು.

ನಾಟಿಯ ಹೊತ್ತಿಗೆ ಶೆಡ್ಡಿನ ಬಾಗಿಲು ತೆರೆದವಳು ಹಾಗೇ ನಿಂತಳು. ಅದೇ ನಾತ. ಬಾಲ್ಯದ ಎಲ್ಲ ಸಂಜೆಗಳಲ್ಲಿ ಅಪ್ಪ ಮೈಗೆ ಮೆತ್ತಿಕೊಂಡು ಊಟಕ್ಕೆ ಬರುತ್ತಿದ್ದ ನಾತ. ಅವಳಿಗೆ ಅಳು ತಡೆಯಲಾಗಲಿಲ್ಲ.

“ಮತ್ತೆ ಕೆಡಿಸಿದ್ನಾ?” ಇಸಾಮು ಗಾಬರಿಯಾದ.

“ಕೆಟ್ಟಿದೆ. ಚೆನ್ನಾಗಿ ಕೆಟ್ಟಿದೆ.” ಕಣ್ಣೊರೆಸಿಕೊಂಡು ಅವಳೂ ತೊಟ್ಟಿಗಿಳಿದಳು. “ನೀನು ತುಳಿಯೋದು ಬಾತುಕೋಳಿ ಥರ. ಹಿಮ್ಮಡಿ ಊರು.”

“ಇನ್ನೆಷ್ಟು ದಿನ ತುಳೀಬೇಕು?”

“ಎರಡು ವರ್ಷ. ಹೋಗ್ಬೇಕಿತ್ತಾ?”

“ಇಲ್ಲ... ನಿಮ್ಮನ್ನ ಬಿಟ್ಟು ಹೋಗೋಕಾಗಲ್ಲ.”

“‘ನಿಮ್ಮನ್ನ’ ಅಂತೆ. ‘ನಿನ್ನ’ ಅನ್ನು.”

“ನಿನ್ನ... ಬಿಟ್ಟು. ಆಮೇಲೆ, ಈ ಮಣ್ಣಲ್ಲಿ ಮೊದಲು ಯಾರ ಮನೆ ಗೋಡೆ?”

ಚಿಗುಸಾ ಅವನ ಸೊಂಟದ ಪಟ್ಟಿ ಹಿಡಿದಳು.

“ನಮ್ಮದು. ಕೆಳಗೆ ನೋಡ್ಕೊಂಡು ತುಳಿ.”