ತಾಯಿ ಕಾರ್ಡಿನಲ್ಲಿಲ್ಲದ ಮಾತು

ಸ್ಟೀಲಿನ ತಂಬಿಗೆ ಅವಳ ಕಿವಿಯ ಪಕ್ಕದಲ್ಲೇ ಹಾರಿ ಬಾಗಿಲ ಚೌಕಟ್ಟಿಗೆ ಬಡಿಯಿತು.

ಬಸವೇಶ್ವರಿ ಹೊಸ್ತಿಲ ಮೇಲೇ ನಿಂತುಬಿಟ್ಟಳು. ಸೀರೆಯ ನೆರಿಗೆಯ ಮೇಲೆಲ್ಲ ನೀರು.

ಎಸೆದವನು ಮಂಚದ ಮೇಲೆ ಕೂತಿದ್ದ. ವಿಜಯಮಹಾಂತೇಶ. ಮೂರು ತಿಂಗಳ ಹಿಂದೆ ಕೂಡಲಸಂಗಮದಲ್ಲಿ ಅವಳ ಬೆರಳಿಗೆ ಉಂಗುರ ತೊಡಿಸಿದವನು. ಈಗ ಅವನ ಬಾಯಿಯ ಒಂದು ಮೂಲೆ ಕೆಳಗೆ ಜಾರಿತ್ತು. ಬಲಗೈ ಯಾರೋ ಇಟ್ಟು ಮರೆತುಹೋದ ಸಾಮಾನಿನಂತೆ ತೊಡೆಯ ಮೇಲೆ ಬಿದ್ದಿತ್ತು.

"ಅಯ್ಯ ಮಾಂತೂ, ಯಾರಿಗೆ ಒಗದ್ಯೋ!" ಪಡಸಾಲೆಯ ಮಗ್ಗದಿಂದ ಅವನ ತಾಯಿ ಮರೆವ್ವ ಎದ್ದು ಬಂದಳು. ಬಾಗಿಲಲ್ಲಿದ್ದವಳನ್ನು ನೋಡಿ, ಬಿದ್ದ ತಂಬಿಗೆ ಎತ್ತಿಕೊಂಡಳು. "ನೀ ಬ್ಯಾಡ ಅಂದಿ ಅಂತ ನಿಮ್ಮ ಅಣ್ಣ ನಿಶ್ಚಯದ ಸೀರಿ ವಾಪಸ್ ಕೊಟ್ಟು ಹೋದನಲ್ಲವಾ..."

"ನಾ ಬ್ಯಾಡ ಅಂದಿಲ್ರಿ ಅತ್ತಿ! ಇವರಿಗೆ ಯಾರ ಗುರ್ತೂ ಹತ್ತೂದಿಲ್ಲ, ಹೋಗಿ ಏನ್ ಮಾಡ್ತಿ ಅಂತ ನನ್ನ ಮನ್ಯಾಗ ಕೂಡಿಸಿದ್ರು."

ಗುರುತು ಹತ್ತಿದ್ದರಿಂದಲೇ ಅವನು ತಂಬಿಗೆ ಎಸೆದದ್ದು. ಅದು ಬಸವೇಶ್ವರಿಗೆ ತಿಳಿಯಲು ಆರು ತಿಂಗಳು ಬೇಕಾಯಿತು.

ಅವಳು ಹುನಗುಂದದ ಅಂಗನವಾಡಿ ಕಾರ್ಯಕರ್ತೆ. ಅವನು ಇಳಕಲ್ಲಿನ ನೇಕಾರರ ಮನೆಯ ಹುಡುಗ, ಡಿ.ಎಡ್ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಎರಡು ವರ್ಷದ ಹಿಂದೆ ಬಾಗಲಕೋಟೆಯ ತರಬೇತಿಯಲ್ಲಿ ಅರವತ್ತು ಕಾರ್ಯಕರ್ತೆಯರಿಗೆ ಮನುಷ್ಯನ ಬೆಳವಣಿಗೆಯ ಪಾಠ ಹೇಳಲು ಬಂದಿದ್ದ.

"ಮೊದಲ ಕುತ್ತಿಗಿ ನಿಲ್ತೈತಿ, ಆಮ್ಯಾಲ ಬೆನ್ನು, ಆಮ್ಯಾಲ ಕಾಲು. ಮೂವತ್ತಕ್ಕ ಮುಗೀತು ಅನಬ್ಯಾಡ್ರಿ. ಮುದುಕರೂ ಬೆಳೀತಾರ. ಸಾಯೂತನಾ ಬೆಳವಣಿಗಿನ."

"ಹಂಗಾದ್ರ ನಮ್ಮ ಅತ್ತಿ ಇನ್ನೂ ಬೆಳೀತಾಳೇನ್ರಿ ಸರ್? ಮನ್ಯಾಗ ಜಾಗಾ ಇಲ್ರಿ!" ಎಂದಿದ್ದಳು ಹಿಂದಿನ ಬೆಂಚಿನ ಒಬ್ಬಳು. ಹಾಲ್ ತುಂಬ ನಗು.

ಅವನೂ ನಕ್ಕು, ಆಮೇಲೆ ಹೇಳಿದ್ದ. "ಒಂದು ನೆನಪಿಡ್ರಿ. ಕೂಸಿಗೆ ಏನರ ಕೇಳಿದ್ರ, ಉತ್ತರ ನೀವ ಹೇಳಬ್ಯಾಡ್ರಿ. ಕಾಯ್ರಿ. ಸಾವಕಾಶ."

ಆ ಸಾವಕಾಶಕ್ಕೇ ಅವಳು ಸೋತಿದ್ದಳು. ಅವಳ ಮನೆಯಲ್ಲಿ ಯಾರೂ ಯಾರ ಮಾತಿಗೂ ಕಾಯುತ್ತಿರಲಿಲ್ಲ.

ನಿಶ್ಚಯವಾದ ಹದಿನೆಂಟನೆಯ ದಿನ ಪಾಠ ಮಾಡುತ್ತಿದ್ದವನು ಹಲಗೆಯ ಮುಂದೆಯೇ ಕುಸಿದ. ಲಕ್ವಾ. ಮೂವತ್ತೊಂದನೆಯ ವಯಸ್ಸಿಗೆ! ಬಲಮೈ ಹೋಯಿತು, ಅದರ ಜೊತೆಗೆ ಮಾತೂ ಹೋಯಿತು. ಕೆಲಸವೂ ಹೋಯಿತು. ಅತಿಥಿ ಉಪನ್ಯಾಸಕನಿಗೆ ಯಾರೂ ರಜೆ ಕೊಡುವುದಿಲ್ಲ.

ಅವಳ ಅಣ್ಣ ಅಮಾತೆಪ್ಪ ಕೆಟ್ಟವನಲ್ಲ. ಅವಳ ಹಟ ನೋಡಿ ಕಡೆಗೆ ಒಂದು ಗಡುವು ಕೊಟ್ಟ. "ದೀಪಾವಳಿಗೆ ನಾನ ಬಂದು ನೋಡ್ತೇನಿ. ಎದ್ದು ನಿಂತು ನಾಕು ಮಾತಾಡಿದ್ರ ಲಗ್ನ ಮಾಡಿಕೊಡ್ತೇನಿ. ಇಲ್ಲಂದ್ರ ಕುಳಗೇರಿ ಕ್ರಾಸಿನ ಗೊಬ್ಬರದಂಗಡಿಯವರು ಅದಾರ. ಒಪ್ಪಿಕೋಬೇಕು."

ಅವಳು ಒಪ್ಪಿದಳು. ಆರು ತಿಂಗಳಿದೆಯಲ್ಲ!

ಅವಳಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಬಸುರಿಯರಿಗೆ ಕೊಡುವ ತಾಯಿ ಕಾರ್ಡಿನಿಂದ ಕೂಸಿನ ಬೆಳವಣಿಗೆಯ ಹಾಳೆಯೊಂದನ್ನು ತಂದು ಮಂಚದ ಎದುರಿನ ಗೋಡೆಗೆ ಅಂಟಿಸಿದಳು. ಮೂರು ತಿಂಗಳಿಗೆ ಕುತ್ತಿಗೆ ನಿಲ್ಲುವ ಕೂಸಿನ ಚಿತ್ರ, ಎಂಟಕ್ಕೆ ಕೂರುವ ಕೂಸು, ವರ್ಷಕ್ಕೆ ನಿಲ್ಲುವ ಕೂಸು, ಎರಡು ವರ್ಷಕ್ಕೆ ಮಾತು. ಅವನು ಒಂದೊಂದನ್ನು ದಾಟಿದಾಗಲೂ ಚಿತ್ರದ ಮೇಲೆ ಹಣೆಗಿಡುವ ಕೆಂಪು ಟಿಕಳಿ ಅಂಟಿಸುತ್ತಿದ್ದಳು.

ಅಂಗನವಾಡಿ ಮುಗಿಸಿ, ಬಸ್ಸಿಗೆ ಅರ್ಧ ತಾಸು ಜೋತುಬಿದ್ದು ಬಂದು, ಅವನೆದುರು ಬಣ್ಣದ ಕಟ್ಟಿಗೆ ತುಂಡುಗಳನ್ನು ಹರಡುವಳು.

"ಮಾಂತೂ, ಇದೇನು? ಕೆಂಪು. ಹೇಳು ನೋಡೂಣು, ಕೆಂ...ಪು! ಶಾಣ್ಯಾ!"

ಹಿಂದೆ ಅವನನ್ನು ಸರ್ ಎನ್ನುತ್ತಿದ್ದವಳು, ನಿಶ್ಚಯದ ನಂತರ ರೀ ಎನ್ನುತ್ತಿದ್ದವಳು. ಯಾವಾಗ ನೀ ಎನ್ನತೊಡಗಿದಳೋ ಅವಳಿಗೇ ಗೊತ್ತಾಗಲಿಲ್ಲ.

ಅವನಿಗೆ ಗೊತ್ತಾಯಿತು.

ಕಾಲು ಬಂತು. ಗೋಡೆ ಹಿಡಿದು ನಿಂತ. ಆ ದಿನ ಅವಳು ಟಿಕಳಿ ಅಂಟಿಸಿ ಚಪ್ಪಾಳೆ ತಟ್ಟಿದಳು. ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ದಣಿದಿದ್ದಾನೆ ಎಂದುಕೊಂಡಳು.

ಆಟೋ ಓಡಿಸುವ ಗೆಳೆಯ ಮುಕ್ತಾರ ಬಂದಾಗ ಮಾತ್ರ ಮನೆಯ ಗಾಳಿಯೇ ಬೇರೆ.

"ಏನಲೇ, ಇನ್ನೂ ಮಕ್ಕೊಂಡೀ? ನಿನ್ನ ಹಡಬಿಟ್ಟಿ ದಿನಾ ಮುಗೀವಲ್ಲವಲ!"

"ಹೋಗಲೇ ಮಂಗ್ಯಾನ ಮಗನ!" ಒಂದೇ ಉಸಿರಿನಲ್ಲಿ, ಎಲ್ಲೂ ತಡವರಿಸದೆ!

ಬಸವೇಶ್ವರಿ ಬೆರಗಾದಳು. ಮುಕ್ತಾರ ನಕ್ಕ. "ಬೈಗಳಕ್ಕ ಲಕ್ವಾ ಹೊಡದಿಲ್ಲ ನೋಡ್ರಿ ಅಕ್ಕಾರ. ಒಳಗ ಮನಷ್ಯಾ ಪೂರಾ ಅದಾನ. ನೀವು ಕೂಸಿನ ಕೂಡ ಮಾತಾಡಿದಂಗ ಮಾತಾಡಬ್ಯಾಡ್ರಿ ಅಷ್ಟ."

ಅಭ್ಯಾಸದ ಬೈಗಳು ತಾನಾಗಿ ಬರುತ್ತವೆ ಎಂದು ಬಾಗಲಕೋಟೆಯ ಡಾಕ್ಟರು ಹೇಳಿದ್ದರು. ದಿನಾ ಬೆಳಿಗ್ಗೆ ಅವನು ವಚನವನ್ನೂ ತಪ್ಪದೆ ಹೇಳುತ್ತಿದ್ದ, ನೀರು ಬೇಕೆಂದರೆ ಮಾತ್ರ ಬೆರಳು ತೋರಿಸುತ್ತಿದ್ದ. ಹಾಗಾಗಿ ಮುಕ್ತಾರನ ಮಾತನ್ನು ಅವಳು ಅಲ್ಲೇ ಬಿಟ್ಟಳು.

ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. "ಬರೋದೆಲ್ಲಾ ಮೊದಲ ಆರು ತಿಂಗಳದಾಗ ಬರ್ತದಮ್ಮ. ಇನ್ನ ಬಂದ್ರ ಚೂರುಪಾರು. ಆ ಕೈ ಆಸೆ ಬಿಡ್ರಿ."

ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಕಾರ್ಡಿನಲ್ಲಿ ಮಾತಿನ ಚಿತ್ರ ಇನ್ನೂ ಉಳಿದಿತ್ತು.

ದೀಪಾವಳಿಯ ಮರುದಿನ ಮಧ್ಯಾಹ್ನ ಅಮಾತೆಪ್ಪ ಬೈಕಿನಲ್ಲಿ ಬಂದ. ಮರೆವ್ವ ಚಾ ಕೊಟ್ಟಳು. ಬಸವೇಶ್ವರಿ ಮಹಾಂತೇಶನಿಗೆ ಬಿಳಿ ಅಂಗಿ ತೊಡಿಸಿ, ತಲೆ ಬಾಚಿ, ಕುರ್ಚಿಯಲ್ಲಿ ಕೂಡಿಸಿದ್ದಳು.

'ಇವತ್ತೊಂದು ದಿನ ಮಾತಾಡಿಬಿಡು... ಇವತ್ತೊಂದು ದಿನ!'

"ಅಣ್ಣಾ ಬಂದಾನ ನೋಡು ಮಾಂತೂ. ಎದ್ದು ನಿಲ್ಲು. ಹಾಂ... ಶಾಣ್ಯಾ! ಈಗ ಹೆಸರು ಹೇಳು. ವಿ...ಜ...ಯ..."

ಎದ್ದು ನಿಂತವನ ತುಟಿ ಅಲುಗಿತು. ಶಬ್ದ ಬರಲಿಲ್ಲ. ಒಂದು ಕ್ಷಣವೂ ಕಾಯದೆ ಅವಳೇ ಮುಂದುವರಿಸಿದಳು. "ಮಹಾಂತೇಶ! ಹೇಳಿದಾ ಅಣ್ಣಾ, ಹೇಳಿದಾ! ಈಗ ಇದೇನು? ಇದು ಯಾವ ಬಣ್ಣ?"

ಅವಳು ಚಪ್ಪಾಳೆ ತಟ್ಟಿ, ಸ್ಟೂಲಿನ ಮೇಲಿನ ಕಟ್ಟಿಗೆ ತುಂಡುಗಳಲ್ಲಿ ಕೆಂಪನ್ನು ಎತ್ತಿ ಹಿಡಿದಳು.

ಅಮಾತೆಪ್ಪ ಕಣ್ಣು ಕೆಳಗೆ ಹಾಕಿದ. ಅವನಿಗೇ ನಾಚಿಕೆಯಾಗಿತ್ತು. ಇದೇ ಮನುಷ್ಯ ಒಂದು ದಿನ ಅವನ ಮಗನ ಶಾಲೆಯ ಅರ್ಜಿ ಬರೆದುಕೊಟ್ಟಿದ್ದ.

ಮಹಾಂತೇಶನ ಎಡಗೈ ಬೀಸಿತು. ಕಟ್ಟಿಗೆ ತುಂಡುಗಳು ಮನೆಯೆಲ್ಲ ಚೆಲ್ಲಾಪಿಲ್ಲಿ! ಚಹದ ಕಪ್ಪು ಒಡೆಯಿತು. ಗಂಟಲಿನಿಂದ ಪ್ರಾಣಿಯಂಥ ಒಂದು ಕೂಗು ಹೊರಟಿತು, ಅವನು ಕುರ್ಚಿಗೆ ಕುಸಿದ.

ಅಮಾತೆಪ್ಪ ಎದ್ದ. "ನೋಡಿದಿಲ್ಲೋ ತಂಗಿ? ಸಾಕು ಇನ್ನ. ಗಾಡಿ ಚಾಲೂ ಮಾಡಿ ಹೊರಗ ನಿಂತಿರ್ತೇನಿ. ಹತ್ತು ಮಿನಿಟು. ಬರಲಿಲ್ಲಂದ್ರ... ಮನಿಗೆ ಬರೂದ ಬ್ಯಾಡ."

ಬೈಕಿನ ಸದ್ದು ಬಾಗಿಲ ಹೊರಗೆ ಗುರುಗುಟ್ಟತೊಡಗಿತು. ಮರೆವ್ವ ಪಡಸಾಲೆಗೆ ಹೋಗಿ ಮಗ್ಗದ ಮುಂದೆ ಕೈಕಟ್ಟಿ ಕೂತಳು.

ಬಸವೇಶ್ವರಿ ನೆಲದ ಮೇಲೆ ಕುಕ್ಕರಿಸಿ ಕೂತು ತುಂಡುಗಳನ್ನು ಆರಿಸುತ್ತಿದ್ದಳು. "ಯಾಕ ಹಿಂಗ ಮಾಡಿದಿ ಮಾಂತೂ? ಯಾಕ..."

"ನಾ..."

ಅವಳು ತಲೆ ಎತ್ತಿದಳು.

"ನಾ... ಕೂ... ಕೂ..." ಅವನ ಹಣೆಯ ನರ ಉಬ್ಬಿತ್ತು. "ಕೂಸಲ್ಲ."

ಕಟ್ಟಿಗೆ ತುಂಡುಗಳು ಅವಳ ಕೈಯಿಂದ ಮತ್ತೆ ಜಾರಿದವು.

ಗೋಡೆಯ ಮೇಲಿನ ಕಾರ್ಡು ನೋಡಿದಳು. ಕೆಂಪು ಟಿಕಳಿಗಳು. ಆರು ತಿಂಗಳು ಪ್ರತಿದಿನ ಕಣ್ಣು ಬಿಟ್ಟಾಗ ಎದುರಿಗೆ ಈ ಕೂಸುಗಳೇ! ಗಡ್ಡ ಬಂದ, ಪಾಠ ಹೇಳಿದ, ಅವಳನ್ನು ಬಯಸಿದ ಗಂಡಸಿಗೆ ಅವಳು ಏನು ಮಾಡಿಟ್ಟಿದ್ದಳು! ಅಂಗನವಾಡಿಯಲ್ಲಿ ಮೂರು ವರ್ಷದ ಮಕ್ಕಳಿಗೂ ಅವಳು ಕಾಯುತ್ತಿದ್ದಳು. ಇವನಿಗೆ ಒಂದು ಸಲವೂ ಕಾಯಲಿಲ್ಲ. ಗಡುವು ಇತ್ತಲ್ಲ.

ಎದ್ದು ಹೋಗಿ ಕಾರ್ಡನ್ನು ಕಿತ್ತಳು. ಸುಣ್ಣದ ಹಕ್ಕಳೆ ಅದರ ಜೊತೆಗೇ ಬಂತು.

"ತಪ್ಪಾತ್ರಿ," ಎಂದಳು.

ರೀ ಎಂಬುದನ್ನು ಕೇಳಿ ಅವನ ಕಣ್ಣು ಅವಳ ಮೇಲೆ ನಿಂತಿತು.

ಅವಳು ಇನ್ನೊಂದು ಕುರ್ಚಿ ಎಳೆದು ಎದುರಿಗೆ ಕೂತಳು. "ನಿಮಗ ಒಂದು ಕೇಳ್ತೇನ್ರಿ. ಇಷ್ಟು ದಿನ ಕೇಳಿದ್ದಕ್ಕೆಲ್ಲಾ ಉತ್ತರ ನನಗ ಗೊತ್ತಿತ್ತು. ಇದಕ್ಕ ಗೊತ್ತಿಲ್ಲ." ಕೈಯಲ್ಲಿದ್ದ ಕಾರ್ಡನ್ನು ಮಡಚಿದಳು. "ಆ ಕುಳಗೇರಿ ಕ್ರಾಸಿನವರನ್ನ ನಾ ಲಗ್ನ ಆಗಲೇನ್ರಿ?"

ಹೊರಗೆ ಬೈಕು ಗುರುಗುಟ್ಟುತ್ತಲೇ ಇತ್ತು.

ಅವನ ತುಟಿ ಅಲುಗಿತು, ನಿಂತಿತು. 'ಬ್ಯಾಡ ಅನ್ರಿ' ಎಂಬ ಮಾತು ಅವಳ ನಾಲಿಗೆಯ ತುದಿಗೆ ಎರಡು ಸಲ ಬಂತು. ಎರಡು ಸಲವೂ ನುಂಗಿದಳು.

ಕಾಯ್ದಳು.

"ಆ... ಆಗು."

"ಹಂಗಾದ್ರ ನಾ ನಿಮಗ ಬ್ಯಾಡೇನ್ರಿ?"

"ಬೇಕು!" ಬೈಗಳದಷ್ಟೇ ಸರಾಗವಾಗಿ ಬಂತು ಅದು. ಆಮೇಲೆ ಅವನು ತನ್ನ ಬಲಗೈಯನ್ನು ಎಡಗೈಯಿಂದ ಎತ್ತಿ ಅವಳಿಗೆ ತೋರಿಸಿ, ಬಿಟ್ಟ. ಅದು ತೊಡೆಯ ಮೇಲೆ ದೊಪ್ಪೆಂದು ಬಿತ್ತು. "ಬೇಕು... ಆಗು."

ಎರಡೂ ಖರೆ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಕೂಸು ಯಾವ ಕಾರ್ಡಿನಲ್ಲೂ ಇಲ್ಲ.

ಬಸವೇಶ್ವರಿ ಎದ್ದು ಬಾಗಿಲಿಗೆ ಹೋದಳು. "ನೀ ಹೋಗಣ್ಣಾ."

ಅಮಾತೆಪ್ಪ ಬೈಕಿನ ಗೇರು ಹಾಕಿದ. "ಹುಚ್ಚಿ ಅದೀ. ಇವತ್ತಲ್ಲಾ, ಹತ್ತು ವರ್ಷ ಆದ ಮ್ಯಾಲ ಗೊತ್ತಾಗ್ತೈತಿ ನಿನಗ. ನಿನ್ನ ಅರಿವಿ ಗಂಟು ನಾಳಿ ಬಸ್ಸಿನ್ಯಾಗ ಕಳಸ್ತೇನಿ."

ಅವನು ಹೇಳಿದ್ದು ಸುಳ್ಳಲ್ಲ ಎಂದು ಅವಳಿಗೂ ಗೊತ್ತಿತ್ತು. ಬೈಕು ಓಣಿ ತಿರುಗಿ ಹೋಯಿತು.

ಒಳಗೆ ಬಂದಾಗ ಅವನು ಬಾಗಿಲನ್ನೇ ನೋಡುತ್ತಿದ್ದ. ಮುಖದಲ್ಲಿ ಸಂತೋಷವಿರಲಿಲ್ಲ. ಸಿಟ್ಟೂ ದುಃಖವೂ ಕಲೆಸಿದ್ದವು.

"ಯಾ... ಯಾಕ?"

ಒಂಬತ್ತು ತಿಂಗಳಲ್ಲಿ ಅವನು ತಾನಾಗಿ ಕೇಳಿದ ಮೊದಲ ಪ್ರಶ್ನೆ.

ಬಸವೇಶ್ವರಿ ಬಾಯಿ ತೆರೆದಳು. ಕನಿಕರಕ್ಕೆ ಅಲ್ಲ. ಕೊಟ್ಟ ಮಾತಿಗೂ ಅಲ್ಲ. ಮುಂದಿನದೆಲ್ಲ ಅವಳಿಗೆ ಕಾಣುತ್ತಿತ್ತು. ಆ ಕೈ ಬರುವುದಿಲ್ಲ. ಮರೆವ್ವ ಮುದುಕಿಯಾಗುತ್ತಾಳೆ. ಅವನ ಅಂಗಿಯ ಗುಂಡಿಯನ್ನು ಮೂವತ್ತು ವರ್ಷ ತಾನೇ ಹಾಕಬೇಕು. ಅವನಿಗೆ ಪ್ರತಿದಿನ ನಾಚಿಕೆಯಾಗುತ್ತದೆ, ತನಗೆ ಪ್ರತಿದಿನ ದಣಿವಾಗುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಕಾಲು ಬಾಗಿಲು ದಾಟಲಿಲ್ಲ... ಯಾಕೆ?

"ನಾ..." ಎಂದಳು. ಮುಂದೆ ಬರಲಿಲ್ಲ. "ಅದು... ನನಗ..."

ಕಣ್ಣೀರು ಬಂತು, ಮಾತು ಬರಲಿಲ್ಲ. "ಹೇಳಾಕ ಬರವಲ್ದುರಿ..."

ಅವನು ಅವಳ ಬದಲು ಯಾವ ಮಾತನ್ನೂ ಹೇಳಲಿಲ್ಲ. ಎಡಗೈ ಚಾಚಿ ಎದುರಿನ ಕುರ್ಚಿಯನ್ನು ತೋರಿಸಿದ. ಅವಳು ಕೂತಳು. ತುಟಿಯ ಜಾರದೆ ಉಳಿದಿದ್ದ ಮೂಲೆ ಮೆಲ್ಲಗೆ ಅಲುಗಿತು.

"ಸಾ... ಸಾವ... ಕಾಶ."