ಮಾವಿನ ಕೊಂಬೆಗೊಬ್ಬಳು ಸವತಿ

ಮೆಕ್ಯಾನಿಕ್ ಎವೇಲಿಯೊ ತನ್ನ ಮನೆಯ ಶೆಡ್ಡಿನಲ್ಲೇ ಇಂಜಿನ್ ಎತ್ತುವ ಕ್ರೇನ್ ಕಟ್ಟಿಸುತ್ತಿದ್ದಾನಂತೆ. ಬ್ರೆಡ್ಡಿನ ಕ್ಯೂನಲ್ಲಿ ಸಿಕ್ಕ ಈ ಸುದ್ದಿಗೆ ಉಪ್ಪು ಖಾರ ಹಚ್ಚಿ ಮನೆಗೆ ತಂದವಳು ಫೆಫಾ ಚಿಕ್ಕಮ್ಮ.

"ವೆಲ್ಡಿಂಗ್ ಮಾಡ್ತಿರೋದು ಯಾರು ಗೊತ್ತಾ? ಆ ಯುಸಿಮಿ. ದಿನಾ ಸಂಜೆ ಕರೆಂಟ್ ಬಂದ ತಕ್ಷಣ ಅವಳು ಅವನ ಶೆಡ್ಡಲ್ಲೇ ಇರ್ತಾಳಂತೆ."

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನೊರ್ಕಾ ತಲೆ ಎತ್ತಲಿಲ್ಲ. ಆದರೆ ಸೂಜಿ ತೋಳಿನ ಹೊಲಿಗೆಯನ್ನು ಬಿಟ್ಟು ಕಾಲರಿನ ಮೇಲೆ ಓಡಿತ್ತು.

"ಇದ್ರೆ ಇರ್ಲಿ. ನಂಗೇನು?"

"ನಿಂಗೇನೂ ಇಲ್ಲ ಬಿಡು," ಎಂದು ಚಿಕ್ಕಮ್ಮ ತೂಗುಕುರ್ಚಿಯಲ್ಲಿ ಕೂತು ಬೀಸಣಿಗೆ ಬಿಚ್ಚಿದಳು. "ಆ ಅಂಗಿ ಮಾತ್ರ ಹಾಳಾಯ್ತು."

ಮಂಜನಿಯೊ ಊರಿನ ಆ ಭಾಗದಲ್ಲಿ ಯಾವ ಕಾರಿನ ಇಂಜಿನ್ ಇಳಿಸಬೇಕಾದರೂ ನೊರ್ಕಾಳ ಹಿತ್ತಲಿಗೇ ಬರಬೇಕಿತ್ತು. ಅವಳ ಮಾವಿನಮರದ ಕೊಂಬೆಯಷ್ಟು ಗಟ್ಟಿಯಾದದ್ದು ಆಸುಪಾಸಿನಲ್ಲಿ ಇನ್ನೊಂದಿರಲಿಲ್ಲ. ಅಜ್ಜನ ಕಾಲದ ಷೆವ್ರೊಲೆ ಕಾರುಗಳನ್ನು ತಳ್ಳಿಕೊಂಡು ಎವೇಲಿಯೊ ಬರುತ್ತಿದ್ದ, ಹಿಂದೆ ಗೆಳೆಯರ ದಂಡು. ಕೊಂಬೆಗೆ ಸರಪಳಿ, ಸರಪಳಿಗೆ ಇಂಜಿನ್. ಎಲ್ಲರೂ ಹೋ ಎಂದು ಎಳೆಯುವಾಗ ನೊರ್ಕಾ ಕಾಫಿ ಸೋಸಿ ತರುತ್ತಿದ್ದಳು. ಎಲ್ಲರಿಗೂ ಸಿಕ್ಕ ಸಿಕ್ಕ ಲೋಟ, ನೀಲಿ ಅಂಚಿನ ಕಪ್ಪು ಮಾತ್ರ ಅವನಿಗೆ. ಕಪ್ಪು ಈಸಿಕೊಳ್ಳುವಾಗ ಅವನು ಗ್ರೀಸು ಬಡಿದ ಬೆರಳುಗಳನ್ನು ಮಡಚಿ, ಅವಳ ಕೈಗೆ ತಾಗದಂತೆ ಜೋಪಾನ ಮಾಡುತ್ತಿದ್ದ. ತಾಗಿದರೂ ಪರವಾಗಿಲ್ಲ ಎಂದು ಅವಳಿಗೆ ಹೇಳಲು ಬಾಯಿ ಬಂದಿರಲಿಲ್ಲ. ನಾಲ್ಕು ವರ್ಷ ಹೀಗೇ ಕಳೆದಿತ್ತು.

ಈಗ ಆ ಕ್ರೇನ್ ಬಂದರೆ? ಅವನಿಗೆ ಈ ಹಿತ್ತಲೂ ಬೇಡ, ಕೊಂಬೆಯೂ ಬೇಡ.

ಆ ವಾರವೇ ಎವೇಲಿಯೊ ಬಂದ. ಗೇಟಿನ ಬಳಿ ಟೋಪಿ ತೆಗೆದು ನಿಂತ.

"ನೊರ್ಕಾ, ನನ್ನ ಸರಪಳಿ ಕೊಂಬೆ ಮೇಲೇ ಇದೆ ಅಲ್ವಾ? ಕ್ರೇನಿಗೆ ಬೇಕಾಗಿತ್ತು."

"ನಿನ್ನ ಸಾಮಾನು ನಿನ್ನದು. ಬಿಚ್ಚಿಕೊಂಡು ಹೋಗು."

ಬಿಚ್ಚಲು ಆಗಲಿಲ್ಲ. ಮರ ಸರಪಳಿಯನ್ನು ನುಂಗಿಬಿಟ್ಟಿತ್ತು. ತೊಗಟೆ ಉಬ್ಬಿ ಕೊಂಡಿಗಳ ಮೇಲೆ ಹಬ್ಬಿತ್ತು. ಏಣಿಯ ಮೇಲೆ ನಿಂತು ಅವನು ಬಹಳ ಹೊತ್ತು ಅದನ್ನೇ ಸವರಿದ.

"ಇದು ಬರಲ್ಲ. ಕೊಂಬೆ ಕೊಯ್ಯಬೇಕಾಗುತ್ತೆ."

"ಕೊಯ್ಯಿ. ಇನ್ನು ಅದರಿಂದ ಯಾರಿಗೇನಾಗಬೇಕಿದೆ?"

"ಬೇಡ, ಇರ್ಲಿ," ಎಂದು ಕೆಳಗಿಳಿದ. ಅವಳು ತಂದ ಕಾಫಿಯಲ್ಲಿ ಸಕ್ಕರೆಯೇ ಇರಲಿಲ್ಲ, ನೀಲಿ ಅಂಚಿನ ಕಪ್ಪೂ ಇರಲಿಲ್ಲ. ತಗಡಿನ ಲೋಟದಿಂದ ಅವನು ತಳದವರೆಗೂ ಕುಡಿದು, "ಚೆನ್ನಾಗಿದೆ," ಎಂದ.

"ಯುಸಿಮಿ ಮಾಡೋ ಕಾಫಿ ಇನ್ನೂ ಚೆನ್ನಾಗಿರಬೇಕು."

"ಅವಳು ಮಾಡಲ್ಲ. ನಾನೇ ಮಾಡಿಕೊಡ್ತೀನಿ," ಎಂದ ಆ ಮಹಾನುಭಾವ. ಸುಮ್ಮನಿದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತೋ!

ಅವನೇ ಕಾಫಿ ಮಾಡಿಕೊಡ್ತಾನಂತೆ! ನೊರ್ಕಾಗೆ ಎರಡು ದಿನ ಊಟ ರುಚಿಸಲಿಲ್ಲ. ಮೂರನೆಯ ಸಂಜೆ, ಅವನು ಹೊಲಿಯಲು ಕೊಟ್ಟಿದ್ದ ಕೆಲಸದ ಪ್ಯಾಂಟನ್ನು ಮಡಚಿ ಹಿಡಿದು ಅವನ ಮನೆ ಕಡೆ ಹೊರಟಳು. ಪ್ಯಾಂಟು ಕೊಟ್ಟು ಬರಬೇಕಲ್ಲ, ಅದಕ್ಕೆ. ತುಟಿಗೆ ಸ್ವಲ್ಪ ಬಣ್ಣ ಹಚ್ಚಿಕೊಂಡದ್ದು ಯಾಕೆಂದು ಚಿಕ್ಕಮ್ಮ ಕೇಳಲಿಲ್ಲ, ಬೀಸಣಿಗೆಯ ಮರೆಯಲ್ಲಿ ನಕ್ಕಳು.

ಶೆಡ್ಡಿನಲ್ಲಿ ಕ್ರೇನ್ ನಿಂತಿತ್ತು. ಹಳೆಯ ನೀರಿನ ಪೈಪು, ಯಾವುದೋ ಲಾರಿಯ ಜ್ಯಾಕು, ಆಸ್ಪತ್ರೆ ಮಂಚದ ಚಕ್ರಗಳು, ಎಲ್ಲ ಸೇರಿಸಿ ಬೆಸೆದದ್ದು. ಅದರ ಪಕ್ಕದಲ್ಲಿ ಯುಸಿಮಿ, ವೆಲ್ಡಿಂಗ್ ಮುಖವಾಡವನ್ನು ನೆತ್ತಿಗೆ ಸರಿಸಿ, ಎರಡು ಕೈಯಲ್ಲೂ ಎವೇಲಿಯೊನ ಮುಖ ಹಿಡಿದು ನಿಂತಿದ್ದಳು. ಅವಳ ಮೂಗಿಗೂ ಅವನ ಮೂಗಿಗೂ ನಡುವೆ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ.

ನೊರ್ಕಾ ಪ್ಯಾಂಟನ್ನು ಬೇಲಿಯ ಮೇಲೆ ಎಸೆದು ತಿರುಗಿ ನಡೆದಳು.

"ಏ, ನಿಲ್ಲೇ!" ಯುಸಿಮಿ ಓಡಿ ಬಂದು ದಾರಿಗೆ ಅಡ್ಡ ನಿಂತಳು. "ಅವನ ಕಣ್ಣಿಗೆ ಕಬ್ಬಿಣದ ಪುಡಿ ಬಿದ್ದಿತ್ತು, ತೆಗೀತಿದ್ದೆ."

"ನಾನು ಕೇಳಿದ್ನಾ?"

"ಕೇಳ್ಲಿಲ್ಲ. ಪ್ಯಾಂಟು ಎಸೆದೆ." ಯುಸಿಮಿ ಬೆವರು ಒರೆಸಿಕೊಂಡಳು. "ನೋಡು, ಸುಳ್ಳು ಯಾಕೆ ಹೇಳ್ಲಿ, ನಂಗೂ ಅವನ ಮೇಲೆ ಮನಸ್ಸಿತ್ತು ಕಣೇ. ಒಳ್ಳೇ ಬ್ಲೌಸ್ ಹಾಕ್ಕೊಂಡು ವೆಲ್ಡಿಂಗ್‌ಗೆ ಬಂದೆ, ಕಿಡಿ ಹಾರಿ ತೂತಾಯ್ತು. ಆ ಪುಣ್ಯಾತ್ಮ ತೂತನ್ನೂ ನೋಡ್ಲಿಲ್ಲ. ಅವನಿಗಿರೋದು ಒಂದೇ ಜಪ, ಕ್ರೇನ್ ಯಾವಾಗ ಮುಗಿಯುತ್ತೆ? ಅಷ್ಟೊಂದು ಅವಸರ ಯಾಕಪ್ಪಾ ಅಂದ್ರೆ ಬಾಯಿಗೆ ಬೀಗ."

ಯುಸಿಮಿ ಸವತಿಯಲ್ಲ ಎಂದು ತಿಳಿದಾಗ ಹಗುರಾಗಬೇಕಿತ್ತು. ನೊರ್ಕಾಗೆ ಇನ್ನೂ ಭಾರವಾಯಿತು. ಹೆಣ್ಣಾದರೆ ಜಗಳವಾದರೂ ಆಡಬಹುದು; ಆ ಪೈಪಿನ ಮೂತಿಯ ಕ್ರೇನ್ ಜೊತೆ ಏನು ಆಡುವುದು? ತನ್ನ ಹಿತ್ತಲಿನಿಂದ ಬಿಡಿಸಿಕೊಳ್ಳಲು ಅವನಿಗೆ ಅಷ್ಟೊಂದು ಅವಸರ. ಮನೆ ಸೇರುವವರೆಗೂ ತಡೆದುಕೊಂಡಳು, ಆಮೇಲೆ ಅತ್ತಳು.

ಭಾನುವಾರ ಬೆಳಿಗ್ಗೆ ಎವೇಲಿಯೊನ ಕ್ರೇನ್ ಒಂದು ಇಡೀ ಇಂಜಿನ್ನನ್ನು ಮಗುವಿನ ಹಾಗೆ ಎತ್ತಿತೆಂದು ಬೀದಿಯೆಲ್ಲ ಸುದ್ದಿ. ಮಧ್ಯಾಹ್ನ ನೊರ್ಕಾ ಗರಗಸ ಹಿಡಿದು ಏಣಿ ಹತ್ತಿದಳು.

"ಏನೇ ಮಾಡ್ತಿದ್ದೀಯಾ?" ಚಿಕ್ಕಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು.

"ಅವನ ಸರಪಳಿ ಅವನ ಮುಖಕ್ಕೆ ಎಸೀತೀನಿ."

ಗರಗಸ ತೊಗಟೆಯನ್ನು ಕಚ್ಚುವಷ್ಟರಲ್ಲಿ ಗೇಟು ಕಿರ್ರೆಂದಿತು. ಎವೇಲಿಯೊ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಉಗುರಿನ ಸಂದಿಯವರೆಗೂ ಉಜ್ಜಿ ತೊಳೆದ ಕೈಗಳು, ಎರಡೂ ಖಾಲಿ.

"ಇಂಜಿನ್ ಎಲ್ಲಪ್ಪಾ?" ಎಂದಳು ಚಿಕ್ಕಮ್ಮ, ಅಭ್ಯಾಸ ಬಲದಿಂದ.

"ತಂದಿಲ್ಲ ಚಿಕ್ಕಮ್ಮಾ."

"ಮತ್ತೆ ಯಾಕೆ ಬಂದೆ?" ಏಣಿಯ ಮೇಲಿನಿಂದ ನೊರ್ಕಾ ಗುಡುಗಿದಳು.

"ಇಂಜಿನ್ ಇಲ್ದೇ ಬರಬೇಕು ಅಂತಲೇ ಬಂದೆ." ಅವನು ಏಣಿಯ ಬುಡ ಹಿಡಿದುಕೊಂಡ. "ಇಷ್ಟು ವರ್ಷ ಒಂದೊಂದು ಸಲ ಇಲ್ಲಿಗೆ ಬರೋಕೂ ಯಾರದಾದ್ರೂ ಕಾರು ಕೆಡಬೇಕಾಗಿತ್ತು. ಬಂದ್ರೂ ಜೊತೇಲಿ ಐದು ಜನ. ನೀನು ಕಾಫಿ ಕೊಡೋದು ನನಗೋ, ಇಂಜಿನ್ ಎಳೆಯೋನಿಗೋ ಅಂತ ನಂಗೆ ಗೊತ್ತಾಗ್ತಿರಲಿಲ್ಲ. ಈಗ ನಂಗೆ ಕೊಂಬೆ ಬೇಕಾಗಿಲ್ಲ ನೊರ್ಕಾ. ಇನ್ನು ನಾನು ಬಂದ್ರೆ ನಿನಗೋಸ್ಕರ ಬಂದೆ ಅಂತಲೇ ಅರ್ಥ, ನಿಂಗೂ, ಬೀದಿಗೂ. ಬೇಡ ಅಂದ್ರೆ ಈಗಲೇ ಹೇಳು, ಹೋಗ್ತೀನಿ."

ನೊರ್ಕಾ ಗರಗಸವನ್ನು ಕೆಳಗೆ ಬಿಟ್ಟಳು. ಅದು ಅವನ ಬೂಟಿನ ಪಕ್ಕದಲ್ಲೇ ಬಿತ್ತು. ಅವನು ಕದಲಲಿಲ್ಲ.

"ಇದನ್ನ ಹೇಳೋಕೆ ಕ್ರೇನ್ ಕಟ್ಟಿಸಬೇಕಾಗಿತ್ತಾ, ದಡ್ಡ?"

"ಬೇರೆ ದಾರಿ ಹೊಳೀಲಿಲ್ಲ."

ಇಳಿಯುವಾಗ ಕೊನೆಯ ಮೆಟ್ಟಿಲಲ್ಲಿ ಅವನು ಕೈ ಚಾಚಿದ. ಈ ಸಲ ಬೆರಳುಗಳನ್ನು ಮಡಚಿಕೊಳ್ಳಲಿಲ್ಲ. ಕಾಲು ನೆಲ ಮುಟ್ಟಿದ ಮೇಲೂ ಅವಳು ಹಿಡಿದ ಕೈ ಬಿಡಲಿಲ್ಲ.

"ಕೈ ಬಿಟ್ರೆ ಕಾಫಿ ಮಾಡಬಹುದು," ಎಂದಳು ಫೆಫಾ ಚಿಕ್ಕಮ್ಮ. "ನಂಗೂ ಒಂದು ಲೋಟ ಇರ್ಲಿ."

ನೀಲಿ ಅಂಚಿನ ಕಪ್ಪಿನಲ್ಲಿ ಕಾಫಿ ಬಂತು. ಸಕ್ಕರೆ ಎಷ್ಟು ಹಾಕಿದಳೋ ನೊರ್ಕಾಗೇ ತಿಳಿಯದು, ಪಾಕವೇ ಆಗಿತ್ತು. ಅವನು ತಳದವರೆಗೂ ಕುಡಿದು, "ಚೆನ್ನಾಗಿದೆ," ಎಂದ.

ಮರುದಿನವೂ ಎವೇಲಿಯೊ ಬಂದ. ಇಂಜಿನ್ ಎಲ್ಲಿ ಎಂದು ದಾರಿಯುದ್ದಕ್ಕೂ ಕೇಳಿದವರಿಗೆಲ್ಲ, ಮನೇಲಿದೆ ಎಂದು ಹೇಳಿಕೊಂಡೇ ಬಂದ.