ಆತು ಅಂದದ್ದು ಯಾರು

ಮೂರನೇ ನಿಮಿಷ ಮುಗಿಯುವ ಹೊತ್ತಿಗೆ ಶನಿಯಾರ ಆ ಮಾತು ಕೇಳಿದ. ಮೊದಲೇ ಕೇಳಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಎಪ್ಪತ್ತೆಂಟರ ದೀಪಾವಳಿ ಕಳೆದ ಮೇಲಿನ ಶುಕ್ರವಾರ. ಹೊನ್ನಾವರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಮಲಿ ಬೋರ್ಡಿನ ಮುಂದೆ ಕೂತಿದ್ದಳು. ಮುಂಬಯಿಯಿಂದ ಟ್ರಂಕ್ ಕಾಲ್ ಬಂತು.

“ಹೊನ್ನಾವರ,” ಎಂದಳು.

“ಹೊನ್ನಾವರ ಬೇಡ. ಕಮಲಿ ಬೇಕು.”

ಸ್ವರದ ಗುರುತು ಸಿಕ್ಕಿತು. ಅವಳ ಬೆನ್ನು ತಾನಾಗಿ ನೆಟ್ಟಗಾಯಿತು.

“ಕಮಲಿ ಡ್ಯೂಟಿಯಲ್ಲಿ ಇದ್ದಾಳೆ. ಎಂತ ಹೇಳ್ಬೇಕು ಅವಳಿಗೆ?”

“ಗೆದ್ದ ಅಂತ ಹೇಳಿ.”

“ಎಷ್ಟಕ್ಕೆ?”

“ಅದೆಲ್ಲ ಅವಳಿಗೆ ಎಂತ ಗೊತ್ತಾಗ್ತದೆ?”

“ಗೊತ್ತಾಗೂದಿಲ್ಲ. ಆದ್ರೂ ಬರೆದಿಡೂಕೆ ಹೇಳಿದ್ದಾಳೆ.”

ಅವನು ನಕ್ಕ. ಅಲ್ಲಿಂದ ಇಲ್ಲಿಯ ತನಕ ಇರುವ ತಂತಿಯೆಲ್ಲ ನಕ್ಕಂತೆ ಕೇಳಿಸಿತು.

ಅದು ದೊಡ್ಡ ಟೆನಿಸ್ ಟೂರ್ನಮೆಂಟು. ಹೊರದೇಶದ ಹೆಸರಾಂತ ಆಟಗಾರರ ಮುಖ್ಯ ಪಂದ್ಯಗಳು ಸೋಮವಾರದಿಂದ. ಅದಕ್ಕೆ ಮೊದಲು, ಹೆಸರಿಲ್ಲದವರಿಗೆ ಅರ್ಹತಾ ಸುತ್ತು. ಮೂರು ದಿನ, ಮೂರು ಆಟ. ಮೂರನ್ನೂ ಗೆದ್ದವನಿಗೆ ಒಳಗೆ ಜಾಗ. ಶನಿಯಾರ ಕರ್ಕಿಯವನು. ಹೊನ್ನಾವರದ ಆಫೀಸರ್ಸ್ ಕ್ಲಬ್ಬಿನಲ್ಲಿ ಅವನ ಅಪ್ಪ ಮಾರ್ಕರ್ ಆಗಿದ್ದ. ಎಂದರೆ ಕೋರ್ಟಿಗೆ ನೀರು ಹೊಡೆದು, ರೋಲರ್ ಎಳೆದು, ಸುಣ್ಣದ ಗೆರೆ ಹಾಕಿ, ಸಾಹೇಬರಿಗೆ ಜೊತೆ ಇಲ್ಲದ ದಿನ ಎದುರು ನಿಂತು ಆಡಿಕೊಡುವವನು. ಅಪ್ಪನ ಕೆಲಸ ಮಗನಿಗೆ ಬಂದಿತ್ತು. ಬೆಳಗಾವಿ, ಧಾರವಾಡಗಳಲ್ಲಿ ಗೆದ್ದು ಗೆದ್ದು ಇಪ್ಪತ್ತೇಳನೇ ವರ್ಷಕ್ಕೆ ಮುಂಬಯಿಯಿಂದ ಕರೆ ಬಂದಿತ್ತು.

ಎರಡೂವರೆ ನಿಮಿಷ ಅವನು ಕೋರ್ಟು, ಚೆಂಡು, ಅಂಪೈರು ಎಂದು ಏನೇನೋ ಹೇಳಿದ. ತನ್ನ ಹೆಸರನ್ನು ಅವರು ‘ಶನಿ ಯಾರ್’ ಎಂದು ಒಡೆದು ಕೂಗುತ್ತಾರೆ ಎಂದ. ಆಮೇಲೆ ಸ್ವರ ಇಳಿಸಿದ.

“ಕಮಲಿ.”

“ಎಂತ?”

“ಗೆದ್ರೂ ಸೋತ್ರೂ ನಾ ಊರಿಗೆ ಬರ್ತೆ. ನೀ ನನ್ನ ಮದುವೆ ಆಗ್ತ್ಯಾ?”

ಹದಿನಾಲ್ಕು ತಿಂಗಳಿಂದ ‘ನೀವು’ ಎನ್ನುತ್ತಿದ್ದವನು ಮೊದಲ ಸಲ ‘ನೀ’ ಎಂದಿದ್ದ. ಕಮಲಿ ಕಣ್ಣು ಮುಚ್ಚಿದಳು.

“ಆತು,” ಎಂದಳು.

ಲೈನ್ ಕಟ್ಟಾಯಿತು.

ಕಮಲಿಯ ಗಂಡ ರಾಮ ಹೊಳೆಯಾಚೆಯ ಕಾಸರಕೋಡದ ಅಳಿವೆ ದಾಟಿ ಮೀನಿಗೆ ಹೋದವನು ಬರಲಿಲ್ಲ. ಅದಾಗಿ ನಾಲ್ಕು ವರ್ಷ. ಅವಳು ಅಳಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು, ಪರೀಕ್ಷೆ ಬರೆದು ಕೆಲಸ ಹಿಡಿದಳು. ಊಟ ಮಾಡುತ್ತಿದ್ದಳು, ರುಚಿ ತಿಳಿಯುತ್ತಿರಲಿಲ್ಲ. ಇತರರ ಮಾತನ್ನು ಕೂಡಿಸಿ ಕೊಡುವ ಕೆಲಸ ಅವಳಿಗೆ ಹಿತವಾಗಿತ್ತು. ಟ್ರಂಕ್ ಕಾಲಿನ ಅವಧಿ ಮುಗಿದಾಗ ತಾನು ಆಡಬೇಕಾದದ್ದು ಒಂದೇ ಮಾತು: “ಮೂರು ನಿಮಿಷ ಆತು.”

ಕ್ಲಬ್ಬಿನ ನೆಟ್ ಹರಿದ ದಿನ ಶನಿಯಾರ ಅದನ್ನು ಹೆಗಲ ಮೇಲೆ ಹೊತ್ತು ಅವಳ ಅತ್ತೆ ದುರ್ಗಮ್ಮನ ಅಂಗಳಕ್ಕೆ ಬಂದಿದ್ದ. ಬಲೆ ಹೆಣೆಯುವುದರಲ್ಲಿ ಕಾಸರಕೋಡದಲ್ಲಿ ದುರ್ಗಮ್ಮನ ಕೈ ಮೇಲು.

“ಇದ್ರಲ್ಲಿ ಎಂತ ಮೀನು ಬೀಳ್ತದೋ ತಮ್ಮ?” ಎಂದಳು ದುರ್ಗಮ್ಮ.

“ಮೀನಲ್ಲ ಅಮ್ಮ, ಚೆಂಡು.”

“ಬಿದ್ರೆ ಲಾಭವೋ?”

“ಬಿದ್ರೆ ನಷ್ಟ.”

“ಹಾಗಾದ್ರೆ ಹರಿದದ್ದೇ ಒಳ್ಳೇದಾತಲ್ಲ!”

ಕಮಲಿ ನಕ್ಕುಬಿಟ್ಟಳು. ನಕ್ಕದ್ದು ತಾನೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಶನಿಯಾರ ಅವಳನ್ನು ನೋಡಿದ, ನೆಟ್ ನೋಡಿದ, ಮತ್ತೆ ಅವಳನ್ನು ನೋಡಲು ಹೋಗಿ ಅತ್ತೆಯ ಕಣ್ಣಿಗೆ ಸಿಕ್ಕಿಬಿದ್ದು, ತೆಂಗಿನ ಮರ ನೋಡುವವನಂತೆ ತಲೆ ಎತ್ತಿದ. ಆಮೇಲೆ ಕ್ಲಬ್ಬಿನ ಫೋನಿನಿಂದ ಟ್ರಂಕ್ ಕಾಲ್‌ಗಳು ಹೆಚ್ಚಾದವು. ಧಾರವಾಡದವರ ಹತ್ತಿರ ಅರ್ಧ ನಿಮಿಷ ಮಾತಾಡಿ ಉಳಿದದ್ದಕ್ಕೆಲ್ಲ ಸುಮ್ಮನಿರುತ್ತಿದ್ದ. “ಎಂತಕ್ಕೆ ಮಾತಾಡೂದಿಲ್ಲ?” ಎಂದು ಅವಳು ಕೇಳಿದರೆ, “ನೀವು ‘ಆತು’ ಅನ್ನೂದು ಕೇಳ್ಬೇಕಿತ್ತು,” ಎನ್ನುತ್ತಿದ್ದ.

ಶನಿವಾರ ಕಾಲ್ ಬರಲಿಲ್ಲ. ಭಾನುವಾರವೂ ಇಲ್ಲ.

ಸೋಮವಾರ ಕಮಲಿ ಬರ್ಫದ ಅಂಗಡಿಗೆ ಬಂದ ಫೋನನ್ನು ಪೊಲೀಸ್ ಠಾಣೆಗೆ ಕೂಡಿಸಿದಳು. “ಹತ್ತು ಪೆಟ್ಟಿಗೆ ಬೇಗ ಕಳ್ಸು,” ಎಂದು ಅತ್ತಲಿಂದ ಯಾರೋ ಇನ್ಸ್‌ಪೆಕ್ಟರರನ್ನು ಗದರಿಸಿದ. ಕುಮಟೆ ಕೇಳಿದವರಿಗೆ ಭಟ್ಕಳ ಸಿಕ್ಕಿತು. ಬೋರ್ಡಿನಲ್ಲಿ ದೀಪ ಹತ್ತಿದಾಗಲೆಲ್ಲ ಮುಂಬಯಿಯೇ ಎಂದು ಅವಸರದಲ್ಲಿ ಪ್ಲಗ್ ಚುಚ್ಚುತ್ತಿದ್ದಳು. ಕಿವಿಗೊಟ್ಟರೆ ಬೇರೆ ಯಾರದೋ ಸ್ವರ. ಕೂತರೆ ನಿಲ್ಲಬೇಕು ಅನಿಸುತ್ತಿತ್ತು, ನಿಂತರೆ ಎಲ್ಲಿಗೆ ಎಂದು ಗೊತ್ತಾಗುತ್ತಿರಲಿಲ್ಲ. ಒಪ್ಪಿದ್ದಾಳೆ. ಒಪ್ಪಿದ ಹೆಂಗಸಿಗೆ ಒಂದು ಮಾತು ಹೇಳಲಾಗದೆ? ಕೇಳಿದ ಮೇಲೆ ಹೆದರಿದನೇ?

ಸಂಜೆ ದುರ್ಗಮ್ಮ ಅನ್ನದ ಮುಂದೆ ತುತ್ತು ಹಿಡಿದು ಕೂತಳು.

“ಎಂತ ಆತೇ ನಿಂಗೆ? ಬಂಗಡೆಗೆ ನೀ ಎರಡು ಸಲ ಉಪ್ಪು ಹಾಕಿದ್ದೆ.”

ಕಮಲಿ ಹೇಳಿಬಿಟ್ಟಳು. ದುರ್ಗಮ್ಮ ಹಿಡಿದ ತುತ್ತನ್ನು ತಟ್ಟೆಗೆ ಇಳಿಸಿದಳು.

“ನಂಗೆ ಬೇಜಾರಿಲ್ಲ ಮಗಾ. ಆದ್ರೆ ಮುಖ ಕಾಣದೆ ಮಾತು ಕೊಡೂಕಾಗ. ಫೋನಿಗೆ ಕಣ್ಣು ಉಂಟಾ? ನೀ ಅಂದದ್ದು ಒಂದು, ಅವ ಕೇಳಿದ್ದು ಒಂದು.”

“ಒಂದೇ ಶಬ್ದ ಅತ್ತೆ. ಅದರಲ್ಲಿ ತಪ್ಪೂಕೆ ಎಂತ ಉಂಟು?”

ಮಂಗಳವಾರ ಮೂರೂವರೆಗೆ ಕ್ಲಬ್ಬಿನ ಸೆಕ್ರೆಟರಿ ಕೃಷ್ಣಾನಂದ ಶಾನಭಾಗರು ಕಾಗದ ಹಾಕಲು ಪಕ್ಕದ ಅಂಚೆ ಕಚೇರಿಗೆ ಬಂದವರು, ಎಕ್ಸ್‌ಚೇಂಜಿನ ಕೌಂಟರಿನ ಕಿಂಡಿಯೊಳಗೆ ಪೇಪರ್ ತೂರಿಸಿದರು. ಮುಂಬಯಿಯ ಪೇಪರ್, ಹಿಂದಿನ ದಿನದ್ದು, ಬಸ್ಸಿನಲ್ಲಿ ಬಂದದ್ದು.

“ನೋಡು ಕಮಲಿ, ನಮ್ಮ ಹುಡುಗ. ಎರಡು ಗೆದ್ದ, ಮೂರನೇದು ಸೋತ. ಸಣ್ಣ ಅಕ್ಷರ, ಕನ್ನಡಕ ಬೇಕು.”

“ಹಾಗಾದ್ರೆ ಬರ್ತಾರಾ?” ಅವಳ ಸ್ವರ ಅವಳಿಗೇ ತೆಳ್ಳಗೆ ಕೇಳಿಸಿತು.

“ಎಲ್ಲಿ ಬರ್ತ! ನಿನ್ನೆ ಸಂಜೆ ಫೋನ್ ಮಾಡಿದ್ದ, ಬೋರ್ಡಿನಲ್ಲಿ ನಿನ್ನ ಜೊತೆಯ ಅಂಬಾ ಇದ್ಲು. ಅಲ್ಲಿ ಲಕ್ಕಿ ಲೂಸರ್ ಅಂತ ಉಂಟು. ಕೊನೇ ಸುತ್ತಲ್ಲಿ ಸೋತವ ಕಾಯ್ತಾ ಕೂತ್ಕೊಳ್ಳೂದು. ಒಳಗಿನವ ಯಾರಾದ್ರೂ ಕಾಲು ಉಳುಕಿ ಬಿಟ್ಟುಹೋದ್ರೆ ಇವ ಹೊಕ್ಕೂದು. ಇವತ್ತು ಸಂಜೆವರೆಗೆ ನೋಡ್ತ. ಆಗದಿದ್ರೆ ಅಲ್ಲಿಯ ಒಂದು ಕ್ಲಬ್ಬಲ್ಲಿ ಮಾರ್ಕರ್ ಕೆಲಸ, ಐದು ಗಂಟೆಗೆ ಸೈ ಹಾಕೂದು. ಐದು ವರ್ಷದ ಕರಾರು.”

“ಊರಿಗೆ ಬರ್ತೆ ಅಂದಿದ್ರಲ್ಲ?”

“ನಾನೂ ಅದೇ ಕೇಳ್ದೆ. ‘ಒಬ್ರ ಹತ್ರ ಒಂದು ಮಾತು ಕೇಳಿದ್ದೆ ಮಾಮ, ಟೈಮ್ ಆತು ಅಂದ್ರು’ ಅಂದ. ಯಾರ ಹತ್ರ ಟೈಮ್ ಕೇಳಿದ್ನೋ, ಕೈಯಲ್ಲಿ ವಾಚ್ ಇಟ್ಕಂಡು!”

ಕಮಲಿ ಹೆಡ್‌ಫೋನ್ ತೆಗೆದಳು. ಅವನು ಕೇಳಿದ್ದು ಮೂರನೇ ನಿಮಿಷದ ಕೊನೆಗೆ. ಹದಿನಾಲ್ಕು ತಿಂಗಳು ಅದೇ ಕೊನೆಗೆ ಅವನ ಕಿವಿಗೆ ಅವಳಿಂದ ಬಿದ್ದದ್ದು ಅದೇ ಶಬ್ದ.

ನಾಲ್ಕಕ್ಕೆ ಅವಳ ಪಾಳಿ ಮುಗಿಯಿತು. ಬೋರ್ಡಿಗೆ ಅಂಬಾ ಬಂದಳು. ಕಮಲಿ ಶಾನಭಾಗರಿಂದ ಬರೆಸಿಕೊಂಡ ಟೂರ್ನಮೆಂಟಿನ ನಂಬರ್ ಹಿಡಿದು ಹೊರಗೆ ಹೋಗಿ ಜನ ನಿಲ್ಲುವ ಕಡೆ ನಿಂತಳು. ಆ ಕಿಂಡಿಯನ್ನು ಹೊರಗಿನಿಂದ ಅವಳು ನೋಡಿದ್ದು ಅದೇ ಮೊದಲು.

“ಎಂತ ಮಾರಾಯ್ತಿ, ಅಲ್ಲೆಂತ ಮಾಡ್ತೆ?”

“ಮುಂಬಯಿಗೆ ಒಂದು ಲೈಟ್ನಿಂಗ್ ಕಾಲ್ ಬುಕ್ ಮಾಡು.”

“ಲೈಟ್ನಿಂಗಾ! ಎಂಟು ಪಟ್ಟು ದುಡ್ಡಿನ ಅರ್ಜೆಂಟು! ಯಾರು ಸತ್ರು?”

“ಯಾರೂ ಸಾಯಲಿಲ್ಲ. ಮಾಡು ಅಂಬಾ.”

ಅಂಬಾ ಒಮ್ಮೆ ಅವಳ ಮುಖ ನೋಡಿದಳು. ಪ್ಲಗ್ ಎತ್ತಿಕೊಂಡಳು.

ಲೈನ್ ಸಿಕ್ಕುವಾಗ ನಾಲ್ಕೂ ನಲವತ್ತು. ಫೋನ್ ಎತ್ತಿದವನು ಹಿಂದಿಯವನು. ಭಟ್ಕಳದ ಸಾಹುಕಾರರ ಕಾಲ್ ಕೂಡಿಸಿ ಕೂಡಿಸಿ ಕಲಿತ ಉರ್ದುವಿನಲ್ಲಿ ಕಮಲಿ ಶನಿಯಾರನನ್ನು ಕೇಳಿದಳು. ಅವನಿಗೆ ಆ ಹೆಸರು ಗೊತ್ತಿರಲಿಲ್ಲ. “ಶನಿ ಯಾರ್,” ಎಂದು ಒಡೆದು ಹೇಳಿದಳು. “ಅಚ್ಛಾ!” ಎಂದು ಹೋದ.

“ಯಾರು?” ದಣಿದ ಸ್ವರ.

“ನಾನು. ಆ ‘ಆತು’ ಆಪರೇಟರಂದು ಅಲ್ಲ. ನಂದು.”

ಅವಳೇ ಮುಂದುವರಿಸಿದಳು.

“ನೀ ‘ಮದುವೆ ಆಗ್ತ್ಯಾ’ ಅಂದೆ. ನಾ ಆತು ಅಂದೆ. ಅದು ಹೂಂ ಅಂತ. ಇಷ್ಟು ದಡ್ಡ ಇರ್ಬಾರ್ದು ಯಾರೂ.”

“ಕಮಲೀ...” ಅವನು ನಕ್ಕನೋ ಅತ್ತನೋ ತಿಳಿಯಲಿಲ್ಲ. “ನಾಲ್ಕು ದಿನ! ನಾಲ್ಕು ದಿನ ನಾ ಚೆಂಡಿಗೆ ಹೊಡೆದದ್ದಲ್ಲ, ಆ ಶಬ್ದಕ್ಕೆ ಹೊಡೆದದ್ದು.”

“ಅದಕ್ಕೇ ಸೋತದ್ದಾ?”

“ಅದಕ್ಕೇ ಎರಡನೇದು ಗೆದ್ದದ್ದು.”

ಅವಳು ಗೋಡೆಗೆ ಹಣೆ ಒತ್ತಿದಳು. ಅವನು ಮತ್ತೆ ಮಾತಾಡಿದಾಗ ಸ್ವರದಲ್ಲಿ ನಗು ಇರಲಿಲ್ಲ.

“ಒಂದು ಕೇಳ್ತೆ. ಎರಡು ದಿನದಿಂದ ಇಲ್ಲಿ ಬಾಗಿಲ ಹತ್ರ ಕೂತಿದ್ದೆ. ಯಾರಾದ್ರೂ ಬಿಟ್ಟುಹೋಗಲಿ ಅಂತ ಕಾಯೂದು. ನಾಚಿಕೆ ಆಗ್ತದೆ. ನಿನ್ನ ಹತ್ರ ಬಂದದ್ದೂ ಹೀಗೇ ಅಲ್ದಾ? ರಾಮ ಹೋದ ಜಾಗಕ್ಕೆ ಕಾದು ಕೂತವ ನಾನು?”

ಕಮಲಿಗೆ ಉತ್ತರ ಹುಡುಕಬೇಕಾಗಲಿಲ್ಲ. ನಾಲ್ಕು ವರ್ಷ ಮರಗಟ್ಟಿದ್ದ ಎದೆಯಲ್ಲಿ ಅದು ಎಲ್ಲಿತ್ತೋ ಏನೋ.

“ಅವರ ಜಾಗ ಖಾಲಿ ಆಗಲಿಲ್ಲ ಶನಿಯಾರ. ಅದು ಅವರದ್ದೇ, ಹಾಗೇ ಇದೆ. ನಿಂಗೆ ನಾ ಬೇರೆ ಜಾಗ ಮಾಡಿದ್ದೆ.”

ಅಷ್ಟರಲ್ಲಿ ಅವನ ಹಿಂದೆ ಗಲಾಟೆ ಎದ್ದಿತು. ಯಾರೋ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು.

“ಕಮಲಿ, ಒಬ್ಬವ ಜ್ವರ ಅಂತ ಬಿಟ್ಟ. ನನ್ನ ಕರೀತಿದ್ರು. ಹತ್ತು ನಿಮಿಷದಲ್ಲಿ ಆಟ.”

“ಮತ್ತೆ ಆ ಸೈ?”

“ಯಾವ ಸೈ? ಶುಕ್ರವಾರದ ಬಸ್ಸಿಗೆ ಬರ್ತೆ. ಅತ್ತೆಗೆ ಹೇಳು.”

“ಮೊದ್ಲು ಓಡು!”

ಅವನು ಓಡಿದ. ಫೋನ್ ಇಡುವುದನ್ನೇ ಮರೆತ. ರಿಸೀವರ್ ಎಲ್ಲೋ ತೂಗಾಡುತ್ತಿರಬೇಕು, ಗೋಡೆಗೆ ತಾಗಿ ಟಕ್ ಟಕ್ ಎನ್ನುತ್ತಿತ್ತು. ಬೂಟುಗಳ ಸಪ್ಪಳ. ಬಾಗಿಲು. ದೂರದಿಂದ ಮೈಕಿನಲ್ಲಿ ಅವನ ಮುರಿದ ಹೆಸರು, ಹಿಂದೆಯೇ ಸ್ವಲ್ಪ ಚಪ್ಪಾಳೆ.

ಕಿಂಡಿಯ ಒಳಗಿನಿಂದ ಅಂಬಾ ಬಗ್ಗಿ ನೋಡಿದಳು.

“ಯಾರೂ ಮಾತಾಡ್ತಾ ಇಲ್ಲ ಮಾರಾಯ್ತಿ. ಕಟ್ ಮಾಡ್ಲಾ?”

“ಬೇಡ,” ಎಂದಳು ಕಮಲಿ, ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡು. “ಇದ್ದಾನೆ.”